ಆರ್ನಿಕ ಗುಡ್ಡದಲ್ಲಿ ಸಾಲು ಹಿಡಿದದ್ದು

ಹುಲ್ಲುಮಕ್ಕಿ

ಆಗ ನನಗೆ ಮೂವತ್ತೊಂದು ವರ್ಷ. ಅದಾಗಿ ನಲವತ್ತು ವರ್ಷದ ಮೇಲಾಯಿತು. ಎರಡನೆಯ ದೊಡ್ಡ ಯುದ್ಧಕ್ಕೆ ಸ್ವಲ್ಪ ಮೊದಲು. ನಮ್ಮ ಗುಡ್ಡಗಳ ಎಸ್ಟೇಟುಗಳಲ್ಲಿ ಇನ್ನೂ ಬಿಳಿ ದೊರೆಗಳಿದ್ದರು. ನಾನು ಸ್ವಿಟ್ಜರ್ಲೆಂಡ್ ಎಂಬ ದೇಶಕ್ಕೆ ಹೋಗಿದ್ದೆ. ಅಲ್ಲಿ ಏನು ನೋಡಿದೆ ಎಂದು ಈಗಲೂ ಕೇಳುತ್ತಾರೆ. ಹಿಮದ ಬೆಟ್ಟ ನೋಡಿದೆ. ಬೆಳ್ಳಗಿತ್ತು. ಅದಕ್ಕಿಂತ ಹೆಚ್ಚು ನೆನಪಿರುವುದು ಆಯಾಸ. ಹಡಗಿನಲ್ಲಿ ಕೂತು ಆಯಾಸ, ಅಲ್ಲಿ ನಡೆದು ಆಯಾಸ, ತಿರುಗಿ ಬರುತ್ತೇನೋ ಇಲ್ಲವೋ ಎಂದು ಯೋಚಿಸಿ ಆಯಾಸ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಹುಲ್ಲುಮಕ್ಕಿ ಎಸ್ಟೇಟು. ನನ್ನ ಗಂಡ ಅಲ್ಲಿ ಮರಗಸಿ ಮಾಡುತ್ತಿದ್ದ. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಎಂದು ಮೇಲಿನ ಮರಗಳ ಕೊಂಬೆ ಕಡಿಯುತ್ತಾರಲ್ಲ, ಆ ಕೆಲಸ. ಒಂದು ವರ್ಷ ಮತ್ತಿ ಮರದಿಂದ ಬಿದ್ದ. ದೊರೆಸಾನಿ ಬಂಗಲೆಯಿಂದ ಕಂದು ನೀರಿನ ಬಾಟ್ಲಿ ತಂದು ಅವನ ಬೆನ್ನಿಗೆಲ್ಲ ಹಚ್ಚಿದರು. ಎಸ್ಟೇಟಿನಲ್ಲಿ ಯಾರು ಬಿದ್ದರೂ ಅದೇ ಬಾಟ್ಲಿ, ಮೂಗಿಗೆ ಹೊಡೆಯುವ ಅದೇ ವಾಸನೆ. ಹಚ್ಚಿದರೆ ಊದಿದ್ದು ಇಳಿಯುತ್ತಿತ್ತು, ಸುಳ್ಳಲ್ಲ. ಆದರೆ ಅವನಿಗೆ ಒಳಗೆ ಮುರಿದಿತ್ತು. ಒಳಗಿನದಕ್ಕೆ ಹೊರಗೆ ಹಚ್ಚಿದರೆ ಏನಾಗುತ್ತದೆ. ಸತ್ತ. ಆಮೇಲೆ ದೊರೆಸಾನಿ ನನ್ನನ್ನು ಬಂಗಲೆ ಕೆಲಸಕ್ಕೆ ತೆಗೆದುಕೊಂಡರು. ಕೊಯ್ಲಿನ ಕಾಲದಲ್ಲಿ ಜನ ಸಾಲದಿದ್ದರೆ ಹಣ್ಣು ಕೊಯ್ಯಲೂ ಹೋಗುತ್ತಿದ್ದೆ.

ಬಾಟ್ಲಿಯಲ್ಲಿದ್ದದ್ದು ಆರ್ನಿಕ. ತಮ್ಮ ಊರಿನ ಬೆಟ್ಟದ ಹೂವಿನಿಂದ ಮಾಡಿದ್ದು ಎಂದು ದೊರೆಸಾನಿ ಹೇಳುತ್ತಿದ್ದರು. ಅವರು ದೊರೆಯ ಹಾಗೆ ಇಂಗ್ಲಿಷರಲ್ಲ. ಸ್ವಿಟ್ಜರ್ಲೆಂಡಿನ ರೈತರ ಮಗಳು. ಮಂಗಳೂರಿನ ಆಸ್ಪತ್ರೆಯೊಂದಕ್ಕೆ ದಾದಿಯಾಗಿ ಬಂದು, ಜ್ವರ ಬಂದು ಮಲಗಿದ್ದ ನಮ್ಮ ದೊರೆಯನ್ನು ಮದುವೆಯಾಗಿ ಘಟ್ಟ ಹತ್ತಿದವರು. ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುತ್ತಿದ್ದರು, ಬೈಯುವಾಗ ನಮಗಿಂತ ಚೆನ್ನಾಗಿ. ತಾಯಿ ಕಳಿಸಿದ ಆರ್ನಿಕ ಬೀಜವನ್ನು ಪ್ರತಿ ವರ್ಷ ಬಂಗಲೆ ಮುಂದೆ ಬಿತ್ತುತ್ತಿದ್ದರು. ತೋಟಗಾರ ಎಲ್ಲಕ್ಕೂ ಹಾಕಿದ ಹಾಗೆ ಅದಕ್ಕೂ ಸಗಣಿ ಗೊಬ್ಬರ ಹಾಕುವನು. ಮೊಳಕೆ ಬೆರಳಷ್ಟು ಬಂದು ಕಪ್ಪಾಗಿ ಸಾಯುವುದು. ನಮ್ಮ ಮಳೆಗೆ ಆಗುವುದಿಲ್ಲ ಬಿಡಿ ಎಂದು ನಾವು ಹೇಳಿದರೂ ಅವರು ಬಿಡುತ್ತಿರಲಿಲ್ಲ.

ದೊರೆ ತೀರಿಹೋದ ಮೇಲೆ ಎಸ್ಟೇಟು ಅವರ ತಮ್ಮನ ಕೈಗೆ ಹೋಯಿತು. ದೊರೆಸಾನಿಗೆ ಐವತ್ತರ ಹತ್ತಿರ. ಮಕ್ಕಳಿಲ್ಲ. ಮಂಡಿನೋವು ಬೇರೆ. ತಾಯಿಯನ್ನು ಒಮ್ಮೆ ನೋಡಬೇಕು, ಮಳೆಗಾಲ ಅಲ್ಲಿ ಕಳೆದು ಕೊಯ್ಲಿಗೆ ಬಂದುಬಿಡೋಣ, ನೀನು ಜೊತೆಗೆ ಬಾ ಅಂದರು. ನಾನು ಮಗಳು ಶಾರದೆಯನ್ನು ಸಂಸೆಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಬಿಟ್ಟೆ. ಅವಳಿಗೆ ಒಂಬತ್ತು ವರ್ಷ. ಅವಳು ಅಳಲಿಲ್ಲ, ಅಕ್ಕನ ಎಮ್ಮೆ ಕರುವಿನ ಹಿಂದೆ ಓಡಿಹೋದಳು. ಅಕ್ಕನೇ ಬಾಗಿಲಿಗೆ ಅಡ್ಡ ನಿಂತಳು.

"ಕರ್ಕೊಂಡು ಹೋದವ್ರು ತಿರ್ಗಿ ಕರ್ಕೊಂಡು ಬರ್ತಾರೆ ಅಂತ ಯಾರು ಹೇಳಿದ್ದು ಮಾರಾಯ್ತಿ?"

"ದೊರೆಸಾನಿನೇ ಹೇಳಿದ್ದಾರೆ."

"ಅವ್ರ ಊರಿಗೆ ಅವ್ರು ಹೋಗೋದು. ನೀನು ಯಾರ ಊರಿಗೆ ಹೋಗೋದು?"

ಕೊಯ್ಲಿಗೆ ಬರ್ತೀನಿ ಎಂದು ಹೇಳಿ ಹೊರಟೆ.

ಹಡಗು

ಹೂಮಳೆ ಬಿದ್ದು ಕಾಫಿ ಹೂವಾಗಿ ಉದುರಿದ ಮೇಲೆ ಹೊರಟೆವು. ಚಾರ್ಮಾಡಿ ಘಾಟಿಯಲ್ಲಿ ಮೋಟಾರು ತಿರುಗಿದಷ್ಟು ಸಲ ನಾನು ವಾಂತಿ ಮಾಡಿದೆ. ಮಂಗಳೂರಿನಲ್ಲಿ ದೋಣಿಯಲ್ಲಿ ಕೂರಿಸಿ, ದೂರ ನೀರಿನಲ್ಲಿ ನಿಂತ ಹಡಗಿಗೆ ಮೂಟೆಯ ಹಾಗೆ ಎತ್ತಿ ಹಾಕಿದರು. ಬೊಂಬಾಯಿಯಲ್ಲಿ ಇನ್ನೊಂದು ಹಡಗು, ಮೊದಲಿನದರ ಹತ್ತು ಪಟ್ಟು ದೊಡ್ಡದು.

ಅಷ್ಟರಲ್ಲಿ ನನ್ನ ಗಂಟಿನಲ್ಲಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಒಡೆದು ಎರಡು ಸೀರೆಗೆ ಎಣ್ಣೆಯಾಯಿತು. ಸಮುದ್ರದ ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಉಜ್ಜಿ ಉಜ್ಜಿ ಕೈ ಸೋತಿತು. ದಾರಿ ಪೂರ್ತಿ ಉಪ್ಪಿನಕಾಯಿ ವಾಸನೆ ಹೊತ್ತುಕೊಂಡೇ ತಿರುಗಿದೆ. ಆ ಹಡಗಿನ ಜನ ನನ್ನ ಹತ್ತಿರ ಬಂದರೆ ಮೂಗು ತಿರುಗಿಸುತ್ತಿದ್ದರು. ಆದರೆ ಅವರೇ ಸಂಜೆಯಾದರೆ, ಹೊಟ್ಟೆ ತೊಳಸಿ ಹಗಲೆಲ್ಲ ಬಕೆಟ್ಟು ಹಿಡಿದು ಕೂತವರು ಕೂಡ, ಕಪ್ಪು ಕೋಟು ಹಾಕಿ ತಲೆ ಬಾಚಿ ಊಟಕ್ಕೆ ಹೋಗುತ್ತಿದ್ದರು. ಊಟ ಸೇರದಿದ್ದರೂ ಕೋಟು ಬೇಕು. ನಮ್ಮಲ್ಲಿ ಹೊಟ್ಟೆ ಕೆಟ್ಟರೆ ಗಂಜಿ ಕುಡಿದು ಮೂಲೆಯಲ್ಲಿ ಮಲಗುತ್ತೇವೆ.

ದೊರೆಸಾನಿ ಕೋಣೆ ಬಿಟ್ಟು ಏಳಲಿಲ್ಲ. ನಾನು ಅವರ ಮಂಚದ ಕೆಳಗೆ ನೆಲದಲ್ಲಿ ಮಲಗುತ್ತಿದ್ದೆ. ಬಕೆಟ್ಟು ಚೆಲ್ಲುವುದು, ಮಂಡಿ ತಿಕ್ಕುವುದು, ಮತ್ತೆ ಬಕೆಟ್ಟು. ಸಮುದ್ರ ಹೇಗಿತ್ತು ಎಂದು ಕೇಳಿದರೆ ನಾನು ಹೇಳುವುದು ಇಷ್ಟೇ: ಸಾಕಾಗುವಷ್ಟಿತ್ತು.

ಜಿನೋವಾ

ಹಡಗು ಇಳಿದದ್ದು ಜಿನೋವಾ ಎಂಬ ಬಂದರಿನಲ್ಲಿ. ದೊರೆಸಾನಿ ರೈಲಿನ ವಿಚಾರ ಕೇಳಿಕೊಂಡು ಬರುತ್ತೇನೆಂದು ನನ್ನನ್ನು ಧಕ್ಕೆಯ ದೊಡ್ಡ ಹಜಾರದಲ್ಲಿ ಬೆಂಚಿನ ಮೇಲೆ ಕೂರಿಸಿ ಹೋದರು. ಆ ಬೆಂಚಿನ ಇನ್ನೊಂದು ತುದಿಯಲ್ಲಿ ಸೀರೆ ಉಟ್ಟವಳೊಬ್ಬಳು ಕೂತಿದ್ದಳು. ಆ ಕಪ್ಪು ಕೋಟುಗಳ ನಡುವೆ ಸೀರೆ ಕಂಡು ನನಗೆ ಎಷ್ಟು ಹಿತವಾಯಿತೆಂದರೆ ನಾನೇ ಎದ್ದು ಹೋಗಿ ಪಕ್ಕದಲ್ಲಿ ಕೂತೆ.

ಅವಳು ನೀಲಗಿರಿಯ ಟೀ ಎಸ್ಟೇಟಿನ ಆಯಾ. ಅರೆಬರೆ ಕನ್ನಡ ಬರುತ್ತಿತ್ತು. ತಲೆಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿದ್ದಳು. ಸೀರೆಗೆ ಇಸ್ತ್ರಿ. ಯಾವಾಗ ಬಂದೆ ಎಂದು ಕೇಳಿದೆ. ಇಲ್ಲಿ ಒಂದು ಚಳಿಗಾಲ ಕಳೆಯಿತು ಅಂದಳು. ಕರೆತಂದ ದೊರೆಯ ಮಕ್ಕಳು ಶಾಲೆಗೆ ಸೇರಿದರಂತೆ. ಇನ್ನು ಆಯಾ ಬೇಡ. ವಾಪಸು ಹೋಗುವ ಯಾವುದಾದರೂ ಸಂಸಾರದ ಜೊತೆ ಕಳಿಸುತ್ತೇವೆ ಎಂದು ಹೇಳಿ, ಪಾದ್ರಿಗಳು ನಡೆಸುವ ಒಂದು ಮನೆಯಲ್ಲಿ ಬಿಟ್ಟು ಹೋದರಂತೆ. ಇಂಡಿಯಾಕ್ಕೆ ಹಡಗು ಹೊರಡುವ ದಿನವೆಲ್ಲ ಇವಳು ತಲೆ ಬಾಚಿ, ಒಗೆದ ಸೀರೆ ಉಟ್ಟು ಇಲ್ಲಿ ಬಂದು ಕೂರುತ್ತಾಳೆ. ಕೈಗೂಸು ಇರುವ ದೊರೆಸಾನಿ ಯಾರಾದರೂ ನೋಡಿ ಕರೆದರೆ ಹೋಗಬಹುದು ಎಂದು.

ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ದೊರೆಸಾನಿಗೆ ಮಕ್ಕಳು ಎಷ್ಟು ಎಂದು ಕೇಳಿದಳು. ಇಲ್ಲ ಅಂದೆ.

"ಮಕ್ಕಳಿಲ್ಲದೋರ ಹಿಂದೆ ಯಾಕೆ ಬಂದೆ? ಬರೋವಾಗ ನಿನ್ನ ಕೈ ಬೇಕು. ಅವ್ರ ಅಮ್ಮನ ಮನೆ ಸೇರಿದ್ಮೇಲೆ ನಿನ್ನ ಕೈ ಯಾಕೆ ಬೇಕು?"

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ದಾರಿ ತಪ್ಪಿದವರಿಗೆ ದಾರಿ ಹೇಳುವ ಹಾಗೆ ಹೇಳಿದಳು. ಅಷ್ಟು ಹೊತ್ತಿಗೆ ದೊರೆಸಾನಿ ಬಂದರು. ಎದ್ದು ಹೊರಟೆ. ತಿರುಗಿ ನೋಡಲಿಲ್ಲ, ನೋಡಿ ಮಾಡುವುದೇನು.

ಮೇಲಿನ ಊರು

ರೈಲು ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಆಚೆ ಕಡೆಗೆ ಬಂತು. ಆಮೇಲೆ ಸಣ್ಣ ರೈಲು, ಆಮೇಲೆ ಕುದುರೆ ಗಾಡಿ, ಕೊನೆಗೆ ಕಾಲು. ದೊರೆಸಾನಿ ನನ್ನ ಭುಜ ಹಿಡಿದುಕೊಂಡು ಹತ್ತಿದರು. ಅವರು ಅಳುತ್ತಿದ್ದರು, ಮಂಡಿಗೋ ಊರು ಕಂಡಿದ್ದಕ್ಕೋ ಗೊತ್ತಾಗಲಿಲ್ಲ.

ಅವರ ತಾಯಿ ಮನೆ ಮುಂದೆ ಸೌದೆ ಒಡೆಯುತ್ತಿದ್ದರು. ಎಂಬತ್ತರ ಹತ್ತಿರದ ಮುದುಕಿ, ಬಾಗಿದ ಬೆನ್ನು, ಕೊಡಲಿ ಹಿಡಿದ ಕೈ ಮಾತ್ರ ಗಟ್ಟಿ. ಮಗಳನ್ನು ನೋಡಿದರು. ಕೊಡಲಿಯನ್ನು ಮೊದಲು ಸರಿಯಾದ ಜಾಗಕ್ಕೆ ಒರಗಿಸಿ ಇಟ್ಟು, ಆಮೇಲೆ ಬಂದು ತಬ್ಬಿಕೊಂಡರು. ನಾನು ಅವರನ್ನು ಅಜ್ಜಿ ಎಂದು ಕರೆದೆ. ಅವರು ಅದೇ ನನ್ನ ಹೆಸರು ಎಂದುಕೊಂಡರೋ ಏನೋ, ನನ್ನನ್ನೂ ಅಜ್ಜಿ ಎಂದೇ ಕರೆದರು. ಯಾರೂ ತಿದ್ದಲಿಲ್ಲ.

ಆ ಊರಿನ ಮನೆಗಳೆಲ್ಲ ಮರದವು, ಬಿಸಿಲಿಗೆ ಸುಟ್ಟು ಕಪ್ಪಾದವು. ಕೆಳಗೆ ದನ, ಮೇಲೆ ಜನ. ಗೊಬ್ಬರದ ಗುಂಡಿಯನ್ನು ನಾವು ಮನೆ ಹಿಂದೆ ಇಡುತ್ತೇವೆ. ಅಲ್ಲಿ ಮನೆ ಮುಂದೆಯೇ ರಾಶಿ, ಅದರ ಅಂಚನ್ನು ಜಡೆ ಹೆಣೆದ ಹಾಗೆ ಹುಲ್ಲು ಮಡಿಸಿ ಹೆಣೆದಿರುತ್ತಾರೆ. ರಾಶಿ ದೊಡ್ಡದಿದ್ದಷ್ಟು ಮನೆ ದೊಡ್ಡದಂತೆ. ರೊಟ್ಟಿ ವರ್ಷಕ್ಕೆ ಎರಡೋ ಮೂರೋ ಸಲ ಸುಡುತ್ತಾರೆ. ಆಮೇಲೆ ಅದನ್ನು ಮರದ ಹಲಗೆಗೆ ಜೋಡಿಸಿದ ಕತ್ತಿಯಲ್ಲಿ ಕತ್ತರಿಸಬೇಕು. ಅನ್ನ ಕೇಳಿದೆ. ಒಂದು ದಿನ ಹಾಲು ಸಕ್ಕರೆ ಹಾಕಿ ಬೇಯಿಸಿ, ಹಬ್ಬದ ಹಾಗೆ ತಂದಿಟ್ಟರು. ಉಪ್ಪಿಲ್ಲ, ಖಾರವಿಲ್ಲ. ಕೊಟ್ಟದ್ದನ್ನು ತಿಂದೆ.

ಕಾಫಿ ಎಂದು ಒಂದು ದೊಡ್ಡ ಬಟ್ಟಲು ತುಂಬ ಕೊಟ್ಟರು. ಅದು ಯಾವುದೋ ಬೇರು ಹುರಿದ ನೀರು. ನಾವು ಕೂಲಿಯವರ ಲೈನಿನ ಮನೆಗಳಲ್ಲಿ ಕೊಯ್ಲಾದ ಮೇಲೆ ಉಳಿದ ಬಳಲು ಕಾಫಿಕಾಳನ್ನು ಹುರಿದು ಬೆಲ್ಲ ಹಾಕಿ ಕುಡಿಯುತ್ತೇವೆ, ಆದರೂ ಅದು ಕಾಫಿ. ನಾನು ಬಟ್ಟಲು ಕೆಳಗಿಟ್ಟದ್ದನ್ನು ನೋಡಿ ಅಜ್ಜಿ ಮಗಳ ಕಡೆ ಏನೋ ಅಂದರು. "ಕಾಫಿ ಬೆಳೆಯೋ ದೇಶದವ್ರಿಗೆ ಕಾಫಿನೇ ಗೊತ್ತಿಲ್ಲ ಅಂತಾರೆ" ಎಂದು ದೊರೆಸಾನಿ ನಗುತ್ತ ಹೇಳಿದರು.

ಎಲ್ಲಕ್ಕಿಂತ ಕಷ್ಟವಾದದ್ದು ಬೆಳಕು. ಬೇಸಿಗೆಯಲ್ಲಿ ಅಲ್ಲಿ ಹೊತ್ತು ಬೇಗ ಮುಳುಗುವುದೇ ಇಲ್ಲ. ಊಟ ಮಾಡಿ ಪಾತ್ರೆ ತೊಳೆದರೂ ಬೆಳಕು. ಬೆಳಕಿದ್ದರೆ ಕೆಲಸ. ಅವರು ಹುಲ್ಲು ಕೊಯ್ಯುತ್ತಲೇ ಇರುತ್ತಾರೆ, ನಾನು ಹೇಗೆ ಮಲಗಲಿ. ಬರಿಗಾಲಿನಲ್ಲಿ ತಿರುಗುತ್ತೇನೆಂದು ಪಕ್ಕದ ಮನೆಯ ರೋಸ ಎಂಬವಳು ಮರದ ಅಟ್ಟೆಯ ಜೋಡು ತಂದುಕೊಟ್ಟಳು. ನನ್ನ ವಯಸ್ಸಿನವಳು, ದಪ್ಪ ತೋಳು, ಬಾಯಿ ತುಂಬ ನಗು. ಆ ಜೋಡು ಹಾಕಿಕೊಂಡು ಮೆಟ್ಟಿಲ ಮೇಲಿಂದ ಉರುಳಿದೆ. ಪಾದ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಅಜ್ಜಿ ಕಪಾಟಿನಿಂದ ಕಂದು ಬಾಟ್ಲಿ ತೆಗೆದರು. ಮುಚ್ಚಳ ಬಿಚ್ಚಿದ ಕೂಡಲೇ ವಾಸನೆ ಗುರುತು ಸಿಕ್ಕಿತು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಅಜ್ಜಿ ಬಿಡಲಿಲ್ಲ, ಕಾಲನ್ನು ತೊಡೆಯ ಮೇಲೆ ಹಿಡಿದಿಟ್ಟು ಹಚ್ಚಿದರು. ಬಾವು ಇಳಿಯಿತು. ನನ್ನ ಗಂಡನ ಒಳಗೆ ಮುರಿದದ್ದಕ್ಕೆ ಆ ಹೂವು ಏನು ಮಾಡೀತು ಎಂದುಕೊಂಡೆ.

ಹುಲ್ಲುಗುಡ್ಡ

ಆರ್ನಿಕ ಬೆಳೆಯುವುದು ಊರಿಗಿಂತ ಮೇಲೆ, ಮರಗಳು ನಿಲ್ಲುವ ಗೆರೆ ದಾಟಿದ ಮೇಲೆ. ಕಾಲು ವಾಸಿಯಾದ ಮೇಲೆ ಒಂದು ದಿನ ದೊರೆಸಾನಿ ಮತ್ತು ಅಜ್ಜಿ ನನ್ನನ್ನೂ ಕರೆದುಕೊಂಡು ಹೋದರು. ಕುದುರೆಮುಖದ ಬೆನ್ನಿನ ಹಾಗೆ ಬರೀ ಹುಲ್ಲಿನ ಗುಡ್ಡ, ಜಿಗಣೆ ಮಾತ್ರ ಇಲ್ಲ. ಆ ಹುಲ್ಲಿನ ತುಂಬ ಹಳದಿ ಹೂವು.

ಹತ್ತಿರ ಹೋಗಿ ನೋಡಿದೆ. ನಮ್ಮ ಹುಚ್ಚೆಳ್ಳಿನ ಹೂವಿನ ಹಾಗೇ ಇದೆ, ಬಣ್ಣ ಸ್ವಲ್ಪ ಕೆಂಪಿಗೆ ತಿರುಗಿದ್ದು. ದಳಗಳು ಒಂದರ ಹಾಗೆ ಒಂದಿಲ್ಲ, ಒಂದು ಉದ್ದ, ಒಂದು ಗಿಡ್ಡ, ಕೆಲವು ಜೋತು ಬಿದ್ದಿವೆ. ಎಲೆಗಳು ನೆಲಕ್ಕೆ ಅಂಟಿಕೊಂಡು ಮಲಗಿವೆ. ನಡುವಿನಿಂದ ನವಿರು ನವಿರಾದ ಒಂದೇ ಕಡ್ಡಿ ಎದ್ದು ಹೂವು ಹೊತ್ತಿದೆ. ಗಿಡ ಸಾಯುವುದಿಲ್ಲವಂತೆ. ಹಿಮದ ಕೆಳಗೆ ಬೇರು ಬದುಕಿದ್ದು ಮರುವರ್ಷ ಮತ್ತೆ ಬರುತ್ತದಂತೆ. ಇಷ್ಟಕ್ಕಾಗಿ ಸಮುದ್ರ ದಾಟಿ ಬೀಜ ತರಿಸುತ್ತಿದ್ದರಲ್ಲ ಅನ್ನಿಸಿತು.

ಈ ಗುಡ್ಡಕ್ಕೆ ಗೊಬ್ಬರ ಹಾಕುವುದಿಲ್ಲ ಎಂದು ಅಜ್ಜಿ ಹೇಳಿದ್ದನ್ನು ದೊರೆಸಾನಿ ನನಗೆ ಹೇಳಿದರು. ಗೊಬ್ಬರ ಬಿದ್ದರೆ ಆರ್ನಿಕ ಸಾಯುತ್ತದೆ. ಬಡ ಮಣ್ಣೇ ಬೇಕು ಅದಕ್ಕೆ. ಹುಲ್ಲುಮಕ್ಕಿಯ ತೋಟಗಾರ ಇಷ್ಟು ವರ್ಷ ಮಾಡಿದ್ದೇನು ಎಂದು ಆಗ ಇಬ್ಬರಿಗೂ ಗೊತ್ತಾಯಿತು. ದೊರೆಸಾನಿ ಹುಲ್ಲಿನ ಮೇಲೆ ಕೂತು ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೆ ಅಲ್ಲೇ ಹೇಳಿದರು.

"ಗಿರಿಜಾ, ನಾನು ಇಲ್ಲೇ ಇರ್ತೀನಿ."

ನಾನು ಅಜ್ಜಿಯ ಮುಖ ನೋಡಿದೆ. ಮಾತು ತಿಳಿಯದಿದ್ದರೂ ಏನು ಹೇಳಿದರೆಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಆಗಲೇ ಎಲ್ಲ ಮಾತಾಗಿತ್ತು. ನನಗೆ ಹೇಳುವುದೊಂದು ಬಾಕಿ.

ದೊರೆಸಾನಿ ಎಲ್ಲ ಯೋಚಿಸಿದ್ದರು. ಊರಿನವರು ಹೂವನ್ನು ಒಣಗಿಸಿ ಕೆಳಗಿನ ಪೇಟೆಯ ಔಷಧಿ ಅಂಗಡಿಗೆ ಕೊಟ್ಟುಬಿಡುತ್ತಾರೆ. ಅದರ ಬದಲು ಇಲ್ಲೇ ಸಾರಾಯಿಯಲ್ಲಿ ನೆನೆಸಿ, ಇಲ್ಲೇ ಬಾಟ್ಲಿ ತುಂಬಿದರೆ ಊರೇ ಉದ್ಧಾರ. ತಾವು ನಿಂತು ನಡೆಸುತ್ತಾರೆ. ಎಸ್ಟೇಟು ನಡೆಸಿ ಗೊತ್ತಿದೆ. ಈ ಸಲದ ಕೊಯ್ಲಿನಿಂದಲೇ ಶುರು.

"ಹುಲ್ಲುಮಕ್ಕಿಲಿ ಇನ್ನು ನನಗೇನಿದೆ ಹೇಳು" ಅಂದರು.

"ನಿಮಗೆ ಇಲ್ದೇ ಇರ್ಬಹುದು. ನನ್ನ ಮಗಳು ಅಲ್ಲಿದ್ದಾಳೆ."

"ನಿನ್ನನ್ನ ಕಳಿಸ್ತೀನಿ ಮಾರಾಯ್ತಿ. ಜಿನೋವಾಕ್ಕೆ ಕರ್ಕೊಂಡು ಹೋಗಿ, ಒಳ್ಳೆ ಸಂಸಾರ ನೋಡಿ—"

"ಆ ಬೆಂಚಿನ ಮೇಲೆ ನಾನು ಕೂರೋದಿಲ್ಲ."

ಅವರಿಗೆ ಯಾವ ಬೆಂಚು ಎಂದು ಗೊತ್ತಿರಲಿಲ್ಲ. ಹೇಳಿದೆ. ಹಾಗೆಲ್ಲ ಆಗೋದಿಲ್ಲ ಅಂದರು. ನೀಲಗಿರಿಯ ಆಯಾಗೂ ಅವಳ ದೊರೆಸಾನಿ ಅದನ್ನೇ ಹೇಳಿರಬೇಕು.

ಆವತ್ತಿನಿಂದ ಕೈಕಾಲು ಭಾರ. ತಿಂದದ್ದು ಮೈಗೆ ಹತ್ತಲಿಲ್ಲ. ನಮ್ಮೂರಲ್ಲಿ ಮಳೆ ಹಿಡಿದಿರುತ್ತದೆ, ಶಾರದೆ ಕಂಬಳಿ ಕೊಪ್ಪೆ ಹಾಕಿಕೊಂಡು ಅಕ್ಕನ ಹಿಂದೆ ನಾಟಿಗೆ ಹೋಗಿರುತ್ತಾಳೆ ಎಂದು ಲೆಕ್ಕ ಹಾಕುತ್ತ ಅಲ್ಲಿನ ದನಗಳ ಕೆಳಗೆ ಗುಡಿಸುತ್ತಿದ್ದೆ. ಅಜ್ಜಿಗೆ ಮಾತ್ರ ಹತ್ತು ವರ್ಷ ಕಮ್ಮಿಯಾದ ಹಾಗೆ. ಮಗಳ ಕೋಣೆಯ ಗೋಡೆಗೆ ಸುಣ್ಣ ಬಳಿದರು. ಚಳಿಗಾಲಕ್ಕೆಂದು ಇಬ್ಬರಿಗಾಗುವಷ್ಟು ಸೌದೆ ಒಡೆಸಿದರು. ಸೌದೆಯ ಒಟ್ಟಿಲು ಬೆಳೆದ ಹಾಗೆಲ್ಲ ನಾನು ನಮ್ಮ ಕೊಯ್ಲಿಗೆ ಉಳಿದ ದಿನ ಎಣಿಸುತ್ತಿದ್ದೆ.

ಹೂವಿನ ದಿನ

ಅಲ್ಲಿ ಆರ್ನಿಕ ಕೊಯ್ಯುವುದಕ್ಕೆ ಒಂದು ಪದ್ಧತಿ ಇದೆ. ಇಡೀ ಊರಿನ ಹೆಂಗಸರು ಒಂದೇ ದಿನ ಹೋಗುತ್ತಾರೆ. ಇಬ್ಬನಿ ಆರಿದ ಮೇಲೆ ಎಲ್ಲರಿಗಿಂತ ಹಿರಿಯಳು 'ಮೊದಲ ಹೂವು' ಕೀಳುತ್ತಾಳೆ. ಆವತ್ತು ಅಜ್ಜಿಯೇ ಕಿತ್ತರು. ಆಮೇಲೆ ಯಾರು ಎಲ್ಲಿ ಬೇಕಾದರೂ ಕೊಯ್ಯಬಹುದು. ಒಂದೊಂದು ಬುಡದ ಗುಂಪಿನಲ್ಲೂ ಒಂದೆರಡು ಹೂವು ಬೀಜಕ್ಕೆ ಬಿಡಬೇಕು. ಬುಟ್ಟಿ ತುಂಬಿದರೆ ನಡುವೆ ಹಾಸಿದ ದೊಡ್ಡ ಬಟ್ಟೆಯ ಮೇಲೆ ಸುರಿಯಬೇಕು. ಎಲ್ಲರದೂ ಒಂದೇ ರಾಶಿ. ಸಂಜೆ ಅದನ್ನು ಮನೆಗೊಂದು ಪಾಲು ಮಾಡುತ್ತಾರೆ. ಹೆಚ್ಚು ಕೊಯ್ದವಳಿಗೂ ಅಷ್ಟೇ, ಕಮ್ಮಿ ಕೊಯ್ದವಳಿಗೂ ಅಷ್ಟೇ.

ನನಗೆ ಮೊದಲು ಇದು ಕೆಲಸ ಎಂದೇ ತಿಳಿಯಲಿಲ್ಲ. ಒಬ್ಬಳು ಕೂತು ಕೊಯ್ಯುತ್ತಿದ್ದಾಳೆ. ಒಬ್ಬಳು ಮಗುವಿಗೆ ಹಾಲು ಕೊಡುತ್ತಿದ್ದಾಳೆ. ಇಬ್ಬರು ಎದುರು ಬದುರು ಕೂತು ಹರಟೆ ಹೊಡೆಯುತ್ತ, ಹೂವಿನೊಳಗಿನ ಸಣ್ಣ ಹುಳ ಕೊಡವುತ್ತಿದ್ದಾರೆ. ರೋಸ ನನ್ನನ್ನು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಹುಲ್ಲುಮಕ್ಕಿಯಲ್ಲಿ ಕೊಯ್ಲಿನ ಹೊತ್ತಿನಲ್ಲಿ ಕೂತರೆ ಮೇಸ್ತ್ರಿ ಕೂಗುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಸಾಲು ಬಿಟ್ಟು ಅಲುಗುವಂತಿಲ್ಲ. ಸಂಜೆ ಒಬ್ಬೊಬ್ಬರ ಹಣ್ಣನ್ನೂ ಬೇರೆ ಬೇರೆ ಅಳೆಯುತ್ತಾರೆ. ನಾನು ಕೂತು ಕೊಯ್ದದ್ದು ಜೀವನದಲ್ಲಿ ಅದೇ ಮೊದಲು. ಸೊಂಟಕ್ಕೆ ಎಷ್ಟು ಸುಖವಾಯಿತು ಎಂದು ಹೇಳಲಾರೆ.

ದೊರೆಸಾನಿ ಕೊಯ್ಯಲಿಲ್ಲ. ಮಂಡಿ ಬಗ್ಗುವುದಿಲ್ಲವಲ್ಲ. ಕೋಲು ಊರಿಕೊಂಡು ಅತ್ತ ಇತ್ತ ನಡೆಯುತ್ತಿದ್ದರು. ಪಡುವಣದ ಬೆಟ್ಟದ ಹಿಂದೆ ಮೋಡ ಏಳುತ್ತಿತ್ತು. ಹೂವು ನೆಂದರೆ ಕೆಟ್ಟುಹೋಗುತ್ತದೆ. ಮೋಡ ನೋಡಿ ದೊರೆಸಾನಿಯ ನಡಿಗೆ ಬದಲಾಯಿತು. ಆ ನಡಿಗೆ ನನಗೆ ಗೊತ್ತು. ಹುಲ್ಲುಮಕ್ಕಿಯ ಕಣದಲ್ಲಿ ಕಾಫಿ ಹರಡಿದ್ದಾಗ ಮೋಡ ಬಂದರೆ ಅವರು ಹಾಗೇ ನಡೆಯುತ್ತಿದ್ದರು.

ಮೊದಲು ಅವರ ಭಾಷೆಯಲ್ಲೇ ಏನೋ ಹೇಳಿದರು. ಬೇಗ ಬೇಗ ಎಂದಿರಬೇಕು. ಹೆಂಗಸರು ನಕ್ಕು ತಲೆಯಾಡಿಸಿದರು. ಎರಡನೆಯ ಸಲ ಹೇಳಿದಾಗ ರೋಸ ಎದ್ದು ಸಿಪಾಯಿಯ ಹಾಗೆ ಹಣೆಗೆ ಕೈ ಹಚ್ಚಿ ಸಲಾಮು ಹೊಡೆದಳು. ಗುಡ್ಡವೆಲ್ಲ ನಕ್ಕಿತು. ದೊರೆಸಾನಿ ನಗಲಿಲ್ಲ. ರೋಸಳ ಬುಟ್ಟಿ ಕೈಗೆ ತೆಗೆದುಕೊಂಡು ಬಗ್ಗಿಸಿ, ಕೋಲಿನಿಂದ ಹೂವು ಕೆದಕಿ, ಕಡ್ಡಿ ಸೇರಿದ ಹೂವುಗಳನ್ನು ಆರಿಸಿ ಪಕ್ಕಕ್ಕೆ ಎಸೆದರು. ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿ ಸಂಜೆ ನಮ್ಮ ಚೀಲ ಬಗ್ಗಿಸಿ ಕಾಯಿ ಹಣ್ಣು ನೋಡುತ್ತಾರಲ್ಲ, ಥೇಟ್ ಹಾಗೆ. ನಗು ನಿಂತಿತು. ಆಮೇಲೆ ಅವರು ಕೋಲೆತ್ತಿ ಗುಡ್ಡಕ್ಕೆಲ್ಲ ಕೇಳುವ ಹಾಗೆ ಕೂಗಿದರು.

"ಸಾಲು ಹಿಡೀರಿ, ಸಾಲು! ಬಿಟ್ಟು ಬಿಟ್ಟು ಕೊಯ್ಬೇಡಿ. ಒಂದೂ ಉಳೀಬಾರ್ದು."

ಕನ್ನಡದಲ್ಲಿ ಕೂಗಿದರು. ಹುಡುಗಿಯಾಗಿ ಊರು ಬಿಟ್ಟವರು. ಜನರನ್ನು ದುಡಿಸುವ ಮಾತು ಅವರು ಕಲಿತದ್ದೇ ನಮ್ಮಲ್ಲಿ. ಅದು ಅವರ ತಾಯಿಯ ಭಾಷೆಯಲ್ಲಿ ಅವರ ಬಾಯಿಗೆ ಬರಲೇ ಇಲ್ಲ.

ಆ ಗುಡ್ಡದ ಮೇಲೆ ಅದು ಅರ್ಥವಾದದ್ದು ನನ್ನೊಬ್ಬಳಿಗೆ. ಯೋಚಿಸಲಿಲ್ಲ. ಎದ್ದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಸಾಲು ಹಿಡಿದೆ. ಕೊನೆಯ ಸುತ್ತಿನ ಕೊಯ್ಲಿನಲ್ಲಿ ಗಿಡದಲ್ಲಿ ಒಂದು ಹಣ್ಣೂ ಬಿಡಬಾರದು, ಬಿಟ್ಟರೆ ಮೇಸ್ತ್ರಿ ಹಿಂದಕ್ಕೆ ಕರೆದು ತೋರಿಸುತ್ತಾನೆ. ಎರಡು ಕೈ ಒಟ್ಟಿಗೆ ಆಡಿಸುತ್ತ, ಅರಳಿದ್ದು, ಅರೆ ಅರಳಿದ್ದು, ಮೊಗ್ಗು ಎಲ್ಲ ಬಳಿದುಕೊಂಡು ಗುಡ್ಡ ಹತ್ತಿದೆ. ನನ್ನ ಕೈ ಅಷ್ಟು ಜೋರಾಗಿ ಓಡಿದ್ದನ್ನು ಆ ಊರಿನವರು ಯಾರೂ ಕಂಡಿರಲಿಲ್ಲ. ಮೇಲೆ ಮುಟ್ಟಿ ತಿರುಗಿ ನೋಡಿದರೆ, ಹಳದಿ ಗುಡ್ಡದ ನಡುವೆ ತಲೆ ಬೋಳಿಸಿದ ಹಾಗೆ ಒಂದು ಹಸಿರು ಪಟ್ಟೆ. ಅದರ ಕೆಳತುದಿಯಲ್ಲಿ ದೊರೆಸಾನಿ. ಮೇಲ್ತುದಿಯಲ್ಲಿ ನಾನು. ಮಿಕ್ಕವರೆಲ್ಲ ಎದ್ದು ನಿಂತಿದ್ದರು.

ಅಜ್ಜಿ ಆ ಪಟ್ಟೆಯ ಪಕ್ಕದಲ್ಲೇ ನಿಧಾನವಾಗಿ ಹತ್ತಿ ಬಂದರು. ಬಗ್ಗಿ ಬಗ್ಗಿ ಬುಡಗಳನ್ನು ಮುಟ್ಟಿ ನೋಡಿದರು. ಬೀಜಕ್ಕೆ ಒಂದೂ ಇರಲಿಲ್ಲ. ನನ್ನ ಬುಟ್ಟಿಯ ಕಡೆ ನೋಡಲೂ ಇಲ್ಲ. ಕೆಳಗೆ ಇಳಿದು ಹೋಗಿ ಮಗಳ ಎದುರು ನಿಂತು ಮೂರು ನಾಲ್ಕು ಮಾತು ಹೇಳಿದರು, ಅಷ್ಟೇ. ದನಿ ಏರಿಸಲಿಲ್ಲ. ದೊರೆಸಾನಿಯ ಕೋಲು ಕೆಳಗಾಯಿತು.

ಹೆಂಗಸರು ಬುಟ್ಟಿ ಎತ್ತಿಕೊಂಡು ಇಳಿದುಹೋದರು. ರೋಸ ಹೋಗುವಾಗ ನನ್ನ ಭುಜ ತಟ್ಟಿದಳು. ಯಾಕೆ ಎಂದು ಇವತ್ತಿಗೂ ಗೊತ್ತಿಲ್ಲ, ಸಿಟ್ಟಿನಿಂದಂತೂ ಅಲ್ಲ. ಮಧ್ಯಾಹ್ನದ ಮೇಲೆ ಮಳೆ ಬಂತು. ಉಳಿದ ಹೂವೆಲ್ಲ ನೆಂದು ಮುದುಡಿ ಹೋಯಿತು.

ಸಂಜೆ ದೊರೆಸಾನಿ ಮನೆ ಮುಂದಿನ ಕಲ್ಲಿನ ಮೇಲೆ ಕೂತಿದ್ದರು. ನಾನು ಮಂಡಿ ತಿಕ್ಕುತ್ತಿದ್ದೆ.

"ಮಳೆ ಬರ್ತಿತ್ತಲ್ಲ, ನಾನು ಹೇಳಿದ್ದರಲ್ಲಿ ತಪ್ಪೇನಿತ್ತು?" ಎಂದರು.

"ಅಜ್ಜಿ ಏನಂದ್ರು?"

ದೊರೆಸಾನಿ ಕೋಲನ್ನು ಕಲ್ಲಿಗೆ ಒರಗಿಸಿಟ್ಟರು.

"ಇಲ್ಲಿ ಯಾರೂ ಯಾರ ಬುಟ್ಟಿನೂ ನೋಡಲ್ಲ, ನೋಡೋ ಊರಿಗೇ ಹೋಗು ಅಂದ್ರು."

ನಾನು ಮಂಡಿ ತಿಕ್ಕುವುದು ನಿಲ್ಲಿಸಲಿಲ್ಲ.

"ನಿನಗೆ ಸಂತೋಷ ಆಗಿರ್ಬೇಕು."

"ಆಗಿದೆ."

"ಸ್ವಲ್ಪ ಮುಚ್ಚಿಟ್ಕೋಬಾರ್ದಾ ಮಾರಾಯ್ತಿ?"

"ಮುಚ್ಚಿಟ್ರೆ ನೀವು ಮತ್ತೆ ಇರ್ತೀನಿ ಅಂತೀರಿ."

ಅವರಿಗೆ ನಗು ಬಂತು, ಅದರ ಹಿಂದೆಯೇ ಅಳು. ಅಮ್ಮನಿಗೆ ಇದು ಕೊನೆಯ ಚಳಿಗಾಲ ಆದರೂ ಆಗಬಹುದು ಅಂದರು. ಅದು ನನಗೂ ಗೊತ್ತಿತ್ತು. ಹೊರಡುವುದು ಯಾವಾಗ ಎಂದು ಕೇಳಿದೆ. ನೋಡೋಣ ಅಂದರು. ಅವರ ನೋಡೋಣವನ್ನು ನಂಬಿ ಹುಲ್ಲುಮಕ್ಕಿಯಲ್ಲಿ ಜನ ಲೈನಿನ ಹೊಸ ಹೆಂಚಿಗೆ ವರ್ಷಗಟ್ಟಲೆ ಕಾದಿದ್ದಾರೆ.

ಅದಕ್ಕೇ ನಾನು ಕಾಯಲಿಲ್ಲ. ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಯಾರನ್ನೂ ಕೇಳದೆ ದೊರೆಸಾನಿಯ ಪ್ರಯಾಣದ ಬಟ್ಟೆಗಳನ್ನೆಲ್ಲ ಹೊರಗೆ ತಂದು, ತೊಟ್ಟಿಯ ಕೊರೆಯುವ ನೀರಿನಲ್ಲಿ ಅದ್ದಿ, ಬೀದಿಗೆ ಕಾಣುವ ಹಾಗೆ ಒಗೆಯಲು ಕೂತೆ. ಉಣ್ಣೆಯ ದಪ್ಪ ಕೋಟು ನೀರು ಕುಡಿದು ಹೆಣದಷ್ಟು ಭಾರವಾಯಿತು. ಒಬ್ಬಳಿಂದ ಹಿಂಡಲು ಆಗಲಿಲ್ಲ. ಒದ್ದಾಡುವುದನ್ನು ನೋಡಿ ಅಜ್ಜಿ ಬಾಗಿಲಿನಿಂದ ಇಳಿದು ಬಂದರು. ತೋಳು ಮೇಲೆ ಮಾಡಿಕೊಂಡು ಕೋಟಿನ ಇನ್ನೊಂದು ತುದಿ ಹಿಡಿದರು. ಅವರು ಆ ಕಡೆಗೆ ತಿರುಚಿದರು, ನಾನು ಈ ಕಡೆಗೆ. ನೀರು ಇಬ್ಬರ ಕಾಲ ಮೇಲೂ ಸುರಿಯಿತು. ದೊರೆಸಾನಿ ಕಿಟಕಿಯಲ್ಲಿ ನಿಂತು ನೋಡಿದರು. ಬೇಡ ಅನ್ನಲಿಲ್ಲ. ಕೋಟನ್ನು ಹಗ್ಗಕ್ಕೆ ಹಾಕಿದ ಮೇಲೆ ಅಜ್ಜಿ ಅದನ್ನು ಮುಟ್ಟಿ ನೋಡಿ, ನನ್ನ ಕಡೆಗೆ ಎರಡು ಬೆರಳು ಎತ್ತಿ ತೋರಿಸಿದರು. ಒಣಗುವುದಕ್ಕೆ ಎರಡು ದಿನ. ನಾನು ಆಗಲಿ ಎಂದು ತಲೆಯಾಡಿಸಿ, ತೊಟ್ಟಿಯಿಂದ ಮುಂದಿನ ಬಟ್ಟೆ ಎತ್ತಿ ಅದರ ತುದಿಯನ್ನು ಅವರ ಕೈಗೆ ಕೊಟ್ಟೆ.